ಬರ್ತೀನಿ ಅಂದವನ ಕುರ್ಚಿ

"ಐ ಸೇ, ಮರಿಸ್ವಾಮಿ! ಬ್ರೇಕ್ ಮಾಡೋ ಕಾರ್ಖಾನೇಲಿ ಕೆಲಸ ಹೋದ್ರೆ ಅದಕ್ಕೂ ನಾವು ಬ್ರೇಕ್ ಅಂತಲೇ ಹೇಳೋದು. ಅಂಡರ್‌ಸ್ಟ್ಯಾಂಡ್?"

ಮರಿಸ್ವಾಮಿ ದಡಕ್ಕನೆ ಎದ್ದು ನಿಂತ. ಕೈ ತಾನಾಗಿ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡಿತು. ಜನರಲ್ ಮ್ಯಾನೇಜರ್ ಹನುಮಂತರಾಯಪ್ಪನವರ ಗಂಟಲು! ಒಳಗೆ ಜಲ್ಲಿಕಲ್ಲು ಉರುಳಿದಂತೆ ಕೆಮ್ಮು, ಆಮೇಲೆ ಮೂಗಿನಿಂದ ಹೊರಡುವ ಇಂಗ್ಲಿಷು. ಸಸ್ಪೆಂಡ್ ಆದವನು ಕಾರ್ಖಾನೆಯ ಒಳಗೆ ಸಿಕ್ಕಿಬಿದ್ದರೆ ಮುಗಿಯಿತು.

ತಿರುಗಿ ನೋಡಿದರೆ ಮ್ಯಾನೇಜರೂ ಇಲ್ಲ, ಗೀನೇಜರೂ ಇಲ್ಲ. ರಟ್ಟಿನ ಪೆಟ್ಟಿಗೆಗಳ ರಾಶಿಯ ನಡುವೆ ಕಾಲು ಚಾಚಿಕೊಂಡು ಕೂತಿದ್ದವನು ಪತ್ತೇದಾರ ಚನ್ನಕೇಶವ.

"ಕೇಶವಣ್ಣ, ನನ್ನ ಪ್ರಾಣ ಹೋಗ್ತಿತ್ತು!"

"ಹೋಗ್ಲಿಲ್ವಲ್ಲ. ಅಂದ್ರೆ ಧ್ವನಿ ಸರಿಯಾಗಿ ಬಂತು ಅಂತ ಅರ್ಥ. ನಿಂಗೇ ಗುಂಡಿ ಹಾಕಿಸ್ತು ಅಂದ್ರೆ ಕಳ್ಳನನ್ನ ಗುಂಡಿಗೆ ಹಾಕ್ಸೋದ್ರಲ್ಲಿ ಅನುಮಾನ ಇಲ್ಲ ಬಿಡು."

ಇದೇ ಚನ್ನಕೇಶವನ ರೋಗ. ಹೊಸೂರು ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ‘ಪತ್ತೆ ಕಾರ್ಯಾಲಯ' ಎಂದು ಬೋರ್ಡು ಹಾಕಿಕೊಂಡವನು. ಬಿ.ಎ. ಓದಿದ್ದ; ಓದಿದ್ದಕ್ಕಿಂತ ಹೆಚ್ಚಾಗಿ ಪ್ರೊಫೆಸರುಗಳ ಧ್ವನಿಯಲ್ಲಿ ಹಾಜರಿ ಕೂಗಿದ್ದ. ಈ ಕೇಸಿಗೆ ಅವನನ್ನು ಯಾರೂ ಕರೆದಿರಲಿಲ್ಲ. ಮರಿಸ್ವಾಮಿ ಸಸ್ಪೆಂಡಾದ ಮರುದಿನ ತಾನಾಗಿ ಬಂದು ಬಾಗಿಲು ತಟ್ಟಿ, "ನಿನ್ನ ಹೆಸರು ಯಾರೋ ಕದ್ದವ್ರಂತೆ, ಹುಡುಕ್ಕೊಡ್ಲಾ?" ಎಂದಿದ್ದ.

ಹೆಸರು ಕದ್ದದ್ದು ನಿಜವೇ. ಬಿರುಕು ಬಿಟ್ಟ ಬ್ರೇಕ್ ಡ್ರಮ್ಮುಗಳ ಒಂದು ರಾಶಿಯನ್ನು ಇನ್ಸ್‌ಪೆಕ್ಷನ್ನಿನವರು ಬೇಡವೆಂದು ತಳ್ಳಿಹಾಕಿದ್ದರು. ಹೋದ ವಾರ ಸ್ಟೋರ್ಸಿನ ಗುಮಾಸ್ತ ಮರಿಸ್ವಾಮಿ ಊಟಕ್ಕೆ ಹೋಗಿದ್ದಾಗ, ಅವನ ಹೆಸರಿನಲ್ಲೇ ಕಂಪ್ಯೂಟರಿನಲ್ಲಿ ಅವು ‘ಪಾಸ್' ಆಗಿ ಹೊರಟುಹೋಗಿದ್ದವು. ಅದರಲ್ಲೊಂದು ಪಾಪಯ್ಯನ ವ್ಯಾನಿನ ಚಕ್ರಕ್ಕೆ ಕೂತಿತ್ತು. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಇಳಿಜಾರಿನಲ್ಲಿ ಡ್ರಮ್ಮು ಎರಡು ಹೋಳಾಯಿತು. ಪಾಪಯ್ಯ ಈಗ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಕಾಲನ್ನು ಸೂರಿಗೆ ಕಟ್ಟಿಸಿಕೊಂಡು ಮಲಗಿದ್ದ.

ಪಾಪಯ್ಯ ಬೇರೆ ಯಾರೂ ಅಲ್ಲ, ಮರಿಸ್ವಾಮಿಯ ಹೆಂಡತಿ ಭಾಗ್ಯಮ್ಮನ ಒಡಹುಟ್ಟಿದ ಅಣ್ಣ.

ಮರಿಸ್ವಾಮಿಯ ಹೆಸರು ಹೊರಬಂದ ಮರುದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾಗ್ಯಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ಅದ್ರಲ್ಲಿ ಇರೋದು ನಿಮ್ಮೆಸ್ರು ತಾನೆ?" ಎಂದಷ್ಟೇ ಕೇಳಿದಳು. ಅಂದಿನಿಂದ ತಟ್ಟೆ ಇಡುತ್ತಿದ್ದಳು, ಮಾತು ಇಡುತ್ತಿರಲಿಲ್ಲ.

ಇವತ್ತು ಊಟದ ವೇಳೆ ಮುಗಿದ ಮೇಲೆ ಆಫೀಸಿನಲ್ಲಿ ವಿಚಾರಣೆ. ಅಷ್ಟರೊಳಗೆ ಆ ಹೆಸರು ವಾಪಸು ಸಿಕ್ಕದಿದ್ದರೆ ಕೆಲಸ ಹೋಗಿ, ಕೇಸು ಪೊಲೀಸರ ಕೈಗೆ.

"ಇನ್ನೊಂದ್ಸಲ ಹೇಳು," ಎಂದ ಚನ್ನಕೇಶವ. "ಆ ಯಂತ್ರ ನಿನ್ನ ಗುರುತು ಹಿಡಿಯೋದು ಹೆಂಗೆ? ಸ್ವಲ್ಪ ನಿಧಾನವಾಗಿ. ನೀವು ಲಾಗಾನ್, ಲಾಗಾಫ್ ಅಂದ್ರೆ ನನ್ನ ತಲೆ ಲಾಗ ಹಾಕ್ತದೆ."

ಮರಿಸ್ವಾಮಿ ಪೆಟ್ಟಿಗೆಗಳ ಸಂದಿಯಿಂದ ಸ್ಟೋರ್ಸಿನ ಕಡೆ ನೋಡಿದ. ಮೇಜಿನ ಮೇಲೆ ಬಟ್ಟೆ ಹೊದ್ದುಕೊಂಡು ಕೂತಿತ್ತು ಟರ್ಮಿನಲ್ಲು. ಅದರ ಮುಂದೆ ಅವನ ಕುರ್ಚಿ. ಸಸ್ಪೆಂಡಾದ ಮೇಲೆ ಅಲ್ಲಿ ಯಾರೂ ಕೂರಬಾರದೆಂದು ಆಜ್ಞೆಯಾಗಿತ್ತು.

"ಅದಕ್ಕೆ ಕಣ್ಣಿಲ್ಲ ಕೇಶವಣ್ಣ. ಬೆಳಗ್ಗೆ ಒಂದ್ಸಲ ಹೆಸರು ಹೇಳಿ, ಪಾಸ್‌ವರ್ಡ್ ಕೊಟ್ರೆ, ‘ಈ ಟರ್ಮಿನಲ್ಲಿನ ಮುಂದೆ ಕೂತಿರೋನು ಮರಿಸ್ವಾಮಿ' ಅಂತ ನೆನಪಿಟ್ಕೊಳ್ಳುತ್ತೆ. ಯಾವ ಪುಟ ನೋಡ್ತಿದ್ದೆ, ಏನು ಅರ್ಧ ಮಾಡಿದ್ದೆ, ಎಲ್ಲ. ನಾವು ಮುಗೀತು ಅನ್ನೋವರೆಗೂ ಆ ನೆನಪು ಇರುತ್ತೆ. ಅದಕ್ಕೇ ಸೆಷನ್ನು ಅನ್ನೋದು."

"ಸೆಷನ್ನು! ಸರಿಯಾಗಿ ನೋಡ್ಕೊಂಡ್ರೆ ಸೆಷನ್ನು, ನೋಡ್ಕೊಳ್ದಿದ್ರೆ ಸೆಷನ್ಸ್ ಕೋರ್ಟು."

"ನಗೋ ಹೊತ್ತೇನ್ರಿ ಇದು?" ಎಂದು ಗದರಿದಳು ಗಂಗರತ್ನಮ್ಮ. ಇನ್ಸ್‌ಪೆಕ್ಷನ್ ವಿಭಾಗದ ಮೇಲ್ವಿಚಾರಕಿ. ಆ ಡ್ರಮ್ಮುಗಳನ್ನು ಬೇಡವೆಂದು ತಳ್ಳಿದವಳೇ ಅವಳು; ಇಬ್ಬರನ್ನೂ ಕ್ಯಾಂಟೀನಿನ ಹಿಂಬಾಗಿಲಿನಿಂದ ಈ ಪ್ಯಾಕಿಂಗ್ ಕೋಣೆಗೆ ನುಗ್ಗಿಸಿದವಳೂ ಅವಳೇ. "ಮುಗೀತು ಅನ್ನೋಕೆ ಆ ಮಿಷನ್ನಿಗೆ ಬೈ ಅಂತ ಹೊಡೀಬೇಕು. ಬೈ ಅಂದ್ರೆ ಹೋಯ್ತೀನಿ ಅಂತ. ಮನೆಯಿಂದ ಆಚೆ ಬರೋವಾಗ ಹೋಯ್ತೀನಿ ಅಂತ ಯಾರಾನ ಅಂತಾರೇನಪ್ಪ? ಹೋಗ್ಬತ್ತೀನಿ ಅಂತೀವಿ. ತಮಿಳ್ನೋರೂ ಪೋಯಿಟ್ಟು ವರೇನ್ ಅಂತಾರೆ. ಬರೀ ಹೋಗೋದು ಅಂದ್ರೆ ಒಂದೇ ದಪ ಹೋಗೋದು. ನಾನು ಹೊಡೆಯಾಕಿಲ್ಲ ಅಂತ ಕೂತ್ಬುಟ್ಟೆ."

"ಹಂಗಾಗಿ ಬೈ ಹೊಡೀಲಿಲ್ಲ, ಬೈಸ್ಕೊಂಡ್ರಿ."

"ಬೈಸ್ಕೊಂಡೆ. ಆದ್ರೆ ಕಂಪ್ಯೂಟರ್ ರೂಮಿನ ವೆಂಕಟೇಶಪ್ಪ ನಗಾಡ್ಕೊಂಡು ಮಿಷನ್ನಿಗೆ ಹೊಸ ಅಪ್ಪಣೆ, ಅದೇ ಕಮಾಂಡು, ಮಾಡ್ಕೊಟ್ಟ. ಬತ್ತೀನಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡುದ್ರೆ ಮಿಷನ್ನು ಹೋಗ್ಬನ್ನಿ ಅಂತದೆ. ನಮ್ಮ ಜಾಗ ನಮಗೇ ಕಾದಿಟ್ಟಿರ್ತದೆ. ಊಟ ಮಾಡ್ಕೊಂಡು ಬಂದು ಪಾಸ್‌ವರ್ಡ್ ಕೊಟ್ರೆ ನಿಂತ ಕಡೆಯಿಂದ್ಲೇ ಶುರು."

ವೆಂಕಟೇಶಪ್ಪನ ಹೆಸರು ಬಂದೊಡನೆ ಮರಿಸ್ವಾಮಿಯ ಎದೆ ಹಗುರವಾಯಿತು. ಗುಬ್ಬಿಯ ಕಡೆಯಿಂದ ಟ್ರಂಕು ಹೊತ್ತುಕೊಂಡು ಹೊಸೂರಿಗೆ ಬಂದಿಳಿದಾಗ ಮಲಗಲು ಜಾಗ ಕೊಟ್ಟವನು ಅವನು. ಬಾಗಲೂರು ರಸ್ತೆಯ ಅವನ ಮನೆಯಲ್ಲಿ, ಅವನ ತಾಯಿ ಮುನಿಗಂಗಮ್ಮನ ಕೈಯ ಮುದ್ದೆ ತಿಂದು ಮರಿಸ್ವಾಮಿ ಮದುವೆಯಾಗುವವರೆಗೂ ಬದುಕಿದ್ದ. ಆ ಹೊಸ ಅಪ್ಪಣೆ ತಯಾರಾದ ದಿನವೂ ವೆಂಕಟೇಶಪ್ಪ ಮೊದಲು ಓಡಿ ಬಂದದ್ದು ಇವನ ಹತ್ತಿರವೇ.

"ನೀವು ಗುಬ್ಬಿಯೋರು ಬರ್ತೀನಿ ಅಂತೀರ, ನಾವು ಬತ್ತೀನಿ ಅಂತೀವಿ. ಎರಡೂ ಒಂದೇ ಅಂತ ಮಿಷನ್ನಿಗೆ ಹೇಳ್ಕೊಟ್ಟಿವ್ನಿ ಕಣ್ಲಾ. ಇಡೀ ಕಾರ್ಖಾನೇಲಿ ಆ ರಕಾರ ನಿನ್ನೊಬ್ಬನಿಗೋಸ್ಕರ!"

ಮೂವತ್ತು ವರ್ಷದ ಬದುಕಿನಲ್ಲಿ ಮರಿಸ್ವಾಮಿಗೆ ಯಾರೂ ಒಂದು ಅಕ್ಷರವನ್ನು ಉಡುಗೊರೆಯಾಗಿ ಕೊಟ್ಟಿರಲಿಲ್ಲ.

ಆ ಅಕ್ಷರವೇ ಈಗ ಸಾಕ್ಷಿಗೆ ನಿಂತಿತ್ತು. ಡ್ರಮ್ಮುಗಳು ಪಾಸಾದ ದಿನ, ಮರಿಸ್ವಾಮಿ ಊಟದಿಂದ ಬರುವ ಮುನ್ನವೇ, ಗಂಗರತ್ನಮ್ಮ ಸ್ಟೋರ್ಸಿಗೆ ಬಂದಾಗ ತೆರೆಯ ಮೇಲಿದ್ದ ಕೊನೆಯ ಸಾಲನ್ನು ನೋಡಿದ್ದಳು. ‘ಬತ್ತೀನಿ' ಎಂದಿತ್ತು. ಊಟಕ್ಕೆ ಏಳುವಾಗ ಮರಿಸ್ವಾಮಿ ಹೊಡೆದದ್ದು ‘ಬರ್ತೀನಿ'. ಅಂದರೆ ಅವನು ಎದ್ದ ಮೇಲೆ ಅವನ ಸೆಷನ್ನಿನಲ್ಲಿ ಇನ್ನೊಬ್ಬರು ಕೂತು, ಡ್ರಮ್ಮು ಪಾಸು ಮಾಡಿ, ತಮ್ಮ ಬಾಯಿಗೆ ಬಂದಂತೆ ಹೇಳಿ ಎದ್ದಿದ್ದರು.

"ರ ಎದ್ದು ಹೋಯ್ತು, ತ ಬಂದು ಕೂತ್ಕೊಳ್ತು," ಎಂದ ಚನ್ನಕೇಶವ. "ಅಲ್ಲಿಗೆ ಕಳ್ಳ ಈ ಸೀಮೆಯೋನೇ. ಸ್ಟೋರ್ಸಿಗೆ ಬಂದು ಹೋಗೋ ಅಧಿಕಾರ ಇರೋ ಈ ಸೀಮೆಯೋರು ಮೂರೇ ಜನ. ಡಿಸ್ಪ್ಯಾಚಿನ ತಿಮ್ಮರಾಯಪ್ಪ. ಕಂಪ್ಯೂಟರಿನ ವೆಂಕಟೇಶಪ್ಪ. ಮೂರನೇಯೋರು..." ಅವನು ನಮ್ರತೆಯಿಂದ ಗಂಗರತ್ನಮ್ಮನ ಕಡೆ ಕೈ ಮುಗಿದ.

"ನನ್ನ ಕೈಯಾರೆ ಬೇಡ ಅಂದ ಡ್ರಮ್ಮನ್ನ ನಾನೇ ಬೇಕು ಅಂತೀನಾ? ಬುದ್ದಿ ಐತೇನ್ರೀ ನಿಮಗೆ?"

"ಬುದ್ಧಿ ಇದ್ದಿದ್ರೆ ಈ ಕಸುಬಿಗೆ ಯಾಕೆ ಬರ್ತಿದ್ದೆ ಗಂಗಕ್ಕೋರೆ."

"ತಿಮ್ಮರಾಯಪ್ಪನೇ," ಎಂದ ಮರಿಸ್ವಾಮಿ ಥಟ್ಟನೆ. "ಲಾರಿ ತುಂಬೋಕೆ ಸರಕಿಲ್ಲ ಅಂದ್ರೆ ಮೈಮೇಲೆ ದೇವರು ಬಂದೋನಂಗೆ ಆಡ್ತಾನೆ. ಬಿರುಕಿದ್ರೂ ಹಾಕು, ಮುರಿದಿದ್ರೂ ಹಾಕು ಅಂತಾನೆ. ಅವನೇ."

"ನೀನು ಹೇಳಿದ್ದು ಅನುಮಾನವೋ, ಆಸೆಯೋ?"

ಮರಿಸ್ವಾಮಿ ಮುಖ ತಿರುಗಿಸಿದ.

ಉಪಾಯ ಚನ್ನಕೇಶವನದು. ಹನುಮಂತರಾಯಪ್ಪನವರು ಊಟಕ್ಕೆ ಬಂಗಲೆಗೆ ಹೋಗಿರುವ ಹೊತ್ತಿನಲ್ಲಿ ಅವರ ಧ್ವನಿಯಲ್ಲಿ ತಿಮ್ಮರಾಯಪ್ಪನಿಗೂ ವೆಂಕಟೇಶಪ್ಪನಿಗೂ ಫೋನು ಮಾಡುವುದು. ಸ್ಟೋರ್ಸಿನ ಟರ್ಮಿನಲ್ಲಿನಲ್ಲಿ ಆ ದಿನದ ಸೆಷನ್ನು ಇನ್ನೂ ಜೀವ ಹಿಡಿದುಕೊಂಡಿದೆ, ಊಟವಾದ ಮೇಲೆ ಮದರಾಸಿನಿಂದ ಬಂದ ತಜ್ಞರು ತೆಗೆದು ನೋಡುತ್ತಾರೆ, ಅಲ್ಲಿವರೆಗೆ ಯಾರೂ ಮುಟ್ಟಕೂಡದು ಎನ್ನುವುದು. ತಪ್ಪು ಮಾಡಿದವನು ಮುಟ್ಟಲು ಬಂದೇ ಬರುತ್ತಾನೆ.

"ಆ ಸೆಷನ್ನು ನಿಜವಾಗ್ಲೂ ಇದೆಯಾ?" ಎಂದು ಕೇಳಿದ ಮರಿಸ್ವಾಮಿ.

"ನಂಗೇನು ಗೊತ್ತು? ಸುಳ್ಳು ನಂದು, ನಂಬಿಕೆ ಅವರದು."

ಫೋನಿದ್ದದ್ದು ಇನ್ಸ್‌ಪೆಕ್ಷನ್ನಿನ ಗಾಜಿನ ಕೋಣೆಯಲ್ಲಿ. ಚನ್ನಕೇಶವ ಒಬ್ಬನೇ ಹೋದ. ಎರಡು ಮಾತು ಆಡಿ ಬರುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು. ಮರಿಸ್ವಾಮಿ ಪೆಟ್ಟಿಗೆಯ ರಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತ. ಕೊನೆಗೂ ಬಂದವನು ಹೆಬ್ಬೆರಳು ಎತ್ತಿ ತೋರಿಸಿದ.

"ತಿಮ್ಮರಾಯಪ್ಪ ‘ಸರಿಂಗ ಸಾರ್, ಸರಿಂಗ ಸಾರ್' ಅಂದ. ವೆಂಕಟೇಶಪ್ಪ ಉಸಿರೇ ಬಿಡ್ಲಿಲ್ಲ."

"ವೆಂಕಟೇಶ ಕಡಿಮೆ ಮಾತಿನೋನು," ಎಂದ ಮರಿಸ್ವಾಮಿ.

"ಮರೀ," ಎಂದು ಚನ್ನಕೇಶವ ಅವನ ಭುಜದ ಮೇಲೆ ಕೈಯಿಟ್ಟ. "ಯಾರು ಬಂದ್ರೂ ಬಾಯಿ ತೆರೀಬೇಡ. ಅದನ್ನ ಮರೀಬೇಡ."

ಮೂವರೂ ಪೆಟ್ಟಿಗೆಗಳ ಹಿಂದೆ ಸರಿದು ಕೂತರು. ಕ್ಯಾಂಟೀನಿನಿಂದ ಸಾಂಬಾರಿನ ವಾಸನೆ, ತಟ್ಟೆಗಳ ಸದ್ದು. ಶೆಡ್ಡಿನ ಯಂತ್ರಗಳೆಲ್ಲ ನಿಂತಿದ್ದವು. ತಿಮ್ಮರಾಯಪ್ಪನ ಚಪ್ಪಲಿಗೆ ಲಾಳ ಹೊಡೆದಿತ್ತು; ನಡೆದರೆ ಕುದುರೆ ಬಂದಂತೆ ಸದ್ದು. ಆ ಸದ್ದೇ ಬರಲಿ ಎಂದು ಮರಿಸ್ವಾಮಿ ತನ್ನೂರಿನ ದೇವರಿಗೂ ಗುಡ್ಡದ ಮೇಲಿನ ಹೊಸೂರಿನ ದೇವರಿಗೂ ಒಟ್ಟಿಗೇ ಹರಕೆ ಹೊತ್ತ. ಯಾವ ಗಡಿಯ ದೇವರಾದರೂ ಸರಿ, ಕೇಳಿಸಿಕೊಂಡರೆ ಸಾಕು.

ಬಾಗಿಲು ಕಿರ್ ಎಂದಿತು.

ಲಾಳದ ಸದ್ದಿಲ್ಲ. ಕ್ಯಾನ್‌ವಾಸ್ ಬೂಟಿನ ಮೆತ್ತನೆಯ ಹೆಜ್ಜೆ. ಆ ಬೂಟನ್ನು ಮರಿಸ್ವಾಮಿ ಕಾಣದೆಯೂ ಬಲ್ಲ. ಬೆಂಗಳೂರಿನಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಥರದ್ದು ಕೊಂಡಿದ್ದರು.

ವೆಂಕಟೇಶಪ್ಪ ಅತ್ತ ಇತ್ತ ನೋಡಿದ. ಟರ್ಮಿನಲ್ಲಿನ ಮೇಲಿನ ಬಟ್ಟೆ ಸರಿಸಿದ. ಮರಿಸ್ವಾಮಿಯ ಕುರ್ಚಿಯಲ್ಲಿ ಕೂತ. ತೆರೆಯ ಹಸಿರು ಬೆಳಕು ಅವನ ಮುಖಕ್ಕೆ ಬಿತ್ತು.

ಈಗ ಪಾಸ್‌ವರ್ಡ್ ಕೇಳುತ್ತದೆ, ಎಂದುಕೊಂಡ ಮರಿಸ್ವಾಮಿ. ನನ್ನ ಪಾಸ್‌ವರ್ಡ್ ಇವನಿಗೆ ಗೊತ್ತಿಲ್ಲ. ಏನೇನೋ ಹೊಡೆದು ನೋಡುತ್ತಾನೆ, ಆಗುವುದಿಲ್ಲ, ಎದ್ದು ಹೋಗುತ್ತಾನೆ. ನನಗೆ ಸಹಾಯ ಮಾಡಲೆಂದೇ ಬಂದಿರುತ್ತಾನೆ. ನಮ್ಮ ವೆಂಕಟೇಶ.

ವೆಂಕಟೇಶಪ್ಪ ಏನೂ ಹೊಡೆಯಲಿಲ್ಲ. ಒಂದೇ ಒಂದು ದೊಡ್ಡ ಗುಂಡಿ ಒತ್ತಿದ, ಬರಿಗೈಯಲ್ಲಿ ಬಾಗಿಲು ತಳ್ಳುವವನಂತೆ. ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟು.

ಯಂತ್ರ ಕಿಚಿಕ್ ಎಂದಿತು. ತೆರೆ ತೆರೆದುಕೊಂಡಿತು.

ಬಾಯಿ ತೆರೆಯಬೇಡ ಎಂದದ್ದನ್ನು ಮರಿಸ್ವಾಮಿ ಮರೆತ. ಪೆಟ್ಟಿಗೆಗಳು ದಡದಡ ಉರುಳಿದವು.

"ಪಾಸ್‌ವರ್ಡ್ ಹಾಕ್ಲಿಲ್ಲ ನೀನು."

ವೆಂಕಟೇಶಪ್ಪ ಕುರ್ಚಿ ಸಮೇತ ತಿರುಗಿದ. "ಮರೀ! ನೀನೇನ್ಲಾ ಇಲ್ಲಿ? ಮ್ಯಾನೇಜರ್ರು ನೋಡುದ್ರೆ..."

"ಐ ಸೇ, ಮ್ಯಾನೇಜರ್ ನೋಡ್ತಾ ಇದಾರೆ, ಅಂಡರ್‌ಸ್ಟ್ಯಾಂಡ್?" ಎಂದು ಹಿಂದಿನಿಂದ ಜಲ್ಲಿಕಲ್ಲು ಉರುಳಿಸುತ್ತ ಬಂದ ಚನ್ನಕೇಶವ. "ಮದರಾಸಿನ ತಜ್ಞರೂ ನಾನೇ. ಬೇಕಿದ್ರೆ ತಮಿಳಲ್ಲೂ ಬೈತೀನಿ."

ವೆಂಕಟೇಶಪ್ಪನಿಗೆ ಅರ್ಥವಾಯಿತು. ಮುಖ ಹಳೆಯ ಸುಣ್ಣದ ಗೋಡೆಯಾಯಿತು.

"ಪಾಸ್‌ವರ್ಡ್ ಹಾಕ್ಲಿಲ್ಲ ನೀನು," ಎಂದ ಮರಿಸ್ವಾಮಿ ಮತ್ತೆ. "ನಾನು ದಿನಾ ಹಾಕ್ತಿದ್ದೆ. ಬಂದಾಗೆಲ್ಲ ಹಾಕ್ತಿದ್ದೆ."

"ಕೇಳ್ತದೆ ಕಣ್ಲಾ. ಕೇಳೋದೇನೋ ಕೇಳ್ತದೆ. ಕೊಡದಿದ್ರೂ ಬಿಡ್ತದೆ." ವೆಂಕಟೇಶಪ್ಪನ ಕಣ್ಣು ನೆಲದ ಮೇಲಿತ್ತು. "ಮಾಡೋವಾಗ ನಂಗೆ ಸಲೀಸಾಗ್ಲಿ ಅಂತ ಹಂಗೆ ಬಿಟ್ಟಿದ್ದೆ. ಆಮೇಲೆ ಮುಚ್ಚಾನ ಅಂತಿದ್ದೆ. ಎಲ್ರೂ ಬತ್ತೀನಿ ಬತ್ತೀನಿ ಅಂತ ಹೊಗಳೋಕೆ ಶುರು ಮಾಡ್ಬುಟ್ರು. ಮರ್ತೋಯ್ತು. ತಜ್ಞರು ನೋಡೋಕೆ ಮುಂಚೆ ಮುಚ್ಚಾನ ಅಂತ ಬಂದೆ."

"ಅಂದ್ರೆ ಬಾಗಿಲು ಮಾಡಿದ್ರಿ, ಬಾಗಿಲ ಮೇಲೆ ಬೀಗದ ಚಿತ್ರ ಬರೆದ್ರಿ," ಎಂದ ಚನ್ನಕೇಶವ.

"ಡ್ರಮ್ಮು ನಾನು ಬಿಟ್ಟಿಲ್ಲ ಮರೀ. ನಮ್ಮವ್ವನ ಆಣೆ. ಯಾರೋ ಗುಂಡಿ ಒತ್ತಿ ಕಂಡ್ಕೊಂಡವ್ರೆ. ಯಾರೂಂತ ನಂಗೊತ್ತಿಲ್ಲ."

ಆ ಮಾತು ನಿಜವೆಂದು ಮರಿಸ್ವಾಮಿಗೆ ತಿಳಿಯಿತು. ಮುನಿಗಂಗಮ್ಮನ ಮೇಲೆ ವೆಂಕಟೇಶ ಸುಳ್ಳು ಆಣೆ ಹಾಕುವವನಲ್ಲ. ಒಂದು ಕ್ಷಣ ಎದೆ ಮತ್ತೆ ಹಗುರವಾಗಲು ನೋಡಿತು. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಒಳಗೆ ಬಂದು ಕೂತುಬಿಟ್ಟಿತು.

"ಆದ್ರೆ ನಿಂಗೆ ಗೊತ್ತಿತ್ತು."

ವೆಂಕಟೇಶಪ್ಪ ಟರ್ಮಿನಲ್ಲಿನ ಬಟ್ಟೆಯನ್ನು ಮಡಚತೊಡಗಿದ.

"ನನ್ನ ಜಾಗದಲ್ಲಿ ಯಾರು ಬೇಕಾದ್ರೂ ಕೂತು ನಾನಾಗ್ಬೋದು ಅಂತ ನಿಂಗೊಬ್ಬನಿಗೆ ಗೊತ್ತಿತ್ತು. ಯಾವತ್ತಿಂದ ಗೊತ್ತಿತ್ತು ವೆಂಕಟೇಶ?"

"ನಿನ್ನೆಸ್ರು ಬಂತಲ್ಲ, ಅವತ್ತಿಂದ."

"ಅವತ್ತು ಸಂಜೆ ನಮ್ಮನೆಗೆ ಬಂದೆ."

"ಬಂದೆ."

"ಭಾಗ್ಯ ಕೊಟ್ಟ ಕಾಫಿ ಕುಡಿದೆ. ಅವಳ ಮುಂದೇನೇ, ‘ಧೈರ್ಯವಾಗಿರ್ಲಾ, ಒಂದ್ವೇಳೆ ಕೈತಪ್ಪಿ ಪಾಸ್ ಮಾಡಿದ್ರೆ ಒಪ್ಕೊಂಡ್ಬಿಡು, ಸಾಹೇಬ್ರು ಒಳ್ಳೇರು' ಅಂದೆ. ಅಂದ್ಯಾ ಇಲ್ವಾ?"

"ಅಂದೆ ಕಣ್ಲಾ."

"ಅಲ್ಲೀವರೆಗೂ ಅವಳು ನನ್ನ ಅನುಮಾನಿಸಿರ್ಲಿಲ್ಲ! ನೀನು ಅಂದ್ಮೇಲೆ..." ಮರಿಸ್ವಾಮಿ ಕುರ್ಚಿಯ ಬೆನ್ನು ಹಿಡಿದ. "ಕಂಪ್ಯೂಟರ್ ಮಾಡಿದ ವೆಂಕಟೇಶಣ್ಣನೇ ಹಂಗಂದ್ರೆ ನಿಜವೇ ಇರಬೇಕು ಅಂದ್ಕೊಂಡ್ಳು."

ಗಂಗರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೇಳಿದ್ರೆ ನನ್ ಕೆಲಸ ಹೋಗ್ತಿತ್ತು," ಎಂದ ವೆಂಕಟೇಶಪ್ಪ. ಧ್ವನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ತನ್ನೊಳಗೇ ಎಷ್ಟೋ ಸಲ ಹೇಳಿಕೊಂಡು ನುಣುಪಾದ ಮಾತು. "ಪಾಪಯ್ಯನ ಕಾಲು ನನ್ ತಲೆಗೆ ಬತ್ತಿತ್ತು."

"ನನ್ನ ತಲೆಗೆ ಬಂದ್ರೆ ಪರವಾಗಿಲ್ವಾ?"

"ನೀನು ಊರಿಗೆ ವೊಂಟೋಗ್ಬೋದು ಮರೀ. ಗುಬ್ಬಿ ಐತೆ, ನಿಮ್ಮ ಜನ ಅವ್ರೆ. ನಾನೆಲ್ಲಿಗ್ಲಾ ಹೋಗ್ಲಿ? ನನಗೆ ಇದೇ ಊರು."

ಬೈಗುಳವಾಗಿದ್ದರೆ ಮರಿಸ್ವಾಮಿ ತಡೆದುಕೊಳ್ಳುತ್ತಿದ್ದ. ಇದು ಬೈಗುಳವಲ್ಲ, ಲೆಕ್ಕಾಚಾರ. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದ ಎಂಟು ವರ್ಷಗಳಲ್ಲಿ ಒಂದು ದಿನವೂ ಇವನು ತನ್ನನ್ನು ಈ ಊರಿನವನೆಂದು ತಿಳಿದಿರಲಿಲ್ಲ. ಬಂದವನು, ಒಂದಲ್ಲ ಒಂದು ದಿನ ಹೋಗುವವನು.

"ವಿಚಾರಣೇಲಿ ಇದನ್ನೆಲ್ಲ ಹೇಳ್ತೀಯಾ?" ಎಂದು ಕೇಳಿದ. "ಬಾಗಿಲು ತೆಗೆದಿತ್ತು ಅಂತ? ಅಷ್ಟು ಸಾಕು ನಂಗೆ."

"ಏನ್ಲಾ ಹಂಗಂದ್ರೆ..."

"ಹೇಳ್ತೀಯೋ ಇಲ್ವೋ?"

ವೆಂಕಟೇಶಪ್ಪ ಉತ್ತರಕ್ಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗಂಗರತ್ನಮ್ಮ "ಅಯ್ಯಯ್ಯೋ" ಎಂದು ಟರ್ಮಿನಲ್ಲಿನ ಕಡೆ ಧಾವಿಸಿದಳು.

"ಇದೇನಪ್ಪ ಇದು? ಮರಿಸ್ವಾಮಿ, ನೋಡಿಲ್ಲಿ!"

ಹಸಿರು ತೆರೆಯ ತಲೆಯ ಮೇಲೆ ಅವನ ಹೆಸರು ಮಿಣುಕುತ್ತಿತ್ತು. ಚನ್ನಕೇಶವ ಹೇಳಿದ ಸುಳ್ಳು ನಿಜವಾಗಿತ್ತು. ಹೋದ ವಾರದ ಸೆಷನ್ನು ಸತ್ತೇ ಇರಲಿಲ್ಲ. ಮರಿಸ್ವಾಮಿ ಮನೆಯಲ್ಲಿ ಮಾತಿಲ್ಲದ ಊಟ ಮಾಡುತ್ತ ಕೂತಿದ್ದಷ್ಟು ದಿನವೂ, ಯಂತ್ರದ ಲೆಕ್ಕದಲ್ಲಿ ಅವನು ಈ ಕುರ್ಚಿಯಲ್ಲೇ ಕೂತಿದ್ದ.

ಹೆಸರಿನ ಕೆಳಗೆ ಡ್ರಮ್ಮುಗಳ ಒಂದು ಸಾಲು. ಅದರ ತುದಿಯಲ್ಲಿ ‘ಪಾಸ್'. ಪಕ್ಕದಲ್ಲಿ ತಾರೀಕು.

"ಹೋದ ವಾರದ್ದಲ್ಲ ಇದು," ಎಂದಳು ಗಂಗರತ್ನಮ್ಮ. ಬೆರಳನ್ನು ತಾರೀಕಿನ ಮೇಲೆ ಇಟ್ಟಳು. "ಇವತ್ತಿಂದು! ಇವತ್ತು ಬೆಳಗ್ಗೆ ಬಿರುಕೈತೆ ಅಂತ ನಾನು ತಳ್ಳಿದ್ನಲ್ಲ, ಅದೇ ಮಾಲು. ನಿನ್ನೆಸರಲ್ಲಿ ಪಾಸಾಗ್ಬುಟ್ಟೈತೆ."

"ಬೆಳಗ್ಗೆಯಿಂದ, ನೀವು ಬಂದು ಕರೆಯೋವರೆಗೂ, ನಾನು ನಿಮ್ಮನೇಲಿ ಬಚ್ಚಿಟ್ಕೊಂಡಿದ್ದೆನಲ್ಲ ಅಕ್ಕ! ನಿಮ್ಮ ಅಡುಗೆಮನೇಲಿ!"

"ನಾನು ಬೆಳಗ್ಗೆಯಿಂದ ಸಾಹೇಬ್ರ ರೂಮಲ್ಲಿದ್ದೆ," ಎಂದ ವೆಂಕಟೇಶಪ್ಪ. "ಬೇಕಾದ್ರೆ ಕೇಳ್ರಿ. ಊಟಕ್ಕೆ ಬಿಟ್ಟಾಗ್ಲೇ ಆಚೆ ಬಂದದ್ದು."

ಚನ್ನಕೇಶವನನ್ನು ಯಾರೂ ಏನೂ ಕೇಳಲಿಲ್ಲ. ಆಗ ಅಂಗಳದ ಕಡೆಯಿಂದ ಲಾರಿಯ ಹಾರನ್ನು ಎರಡು ಸಲ ಕೂಗಿತು. ತುಂಬಿದ ಲಾರಿ ಗೇಟಿನ ಮುಂದೆ ನಿಂತು, ಬಾಗಿಲು ತೆಗೆಯಿರಿ ಎಂದು ಕೂಗುವ ಹಾರನ್ನು.

ಮರಿಸ್ವಾಮಿಯ ಕಣ್ಣ ಮುಂದೆ ಸೂರಿಗೆ ಕಟ್ಟಿದ ಕಾಲು ಬಂತು. ಒಂದಲ್ಲ, ಒಂದು ಲಾರಿ ತುಂಬ.

ಮೇಜಿನ ಮೇಲಿದ್ದ ಇಂಟರ್‌ಕಾಮನ್ನು ಅವನು ಎಳೆದುಕೊಂಡ. ಚನ್ನಕೇಶವ ಥಟ್ಟನೆ ಅವನ ಮಣಿಕಟ್ಟು ಹಿಡಿದ.

"ತಾಳು ತಾಳು! ನೀನು ಮಾತಾಡಿದ್ರೆ ಒಳಗೆ ನುಗ್ಗಿದ್ದು ಗೊತ್ತಾಗ್ತದೆ. ವಿಚಾರಣೆ ಶುರುವಾಗೋಕೆ ಮುಂಚೇನೇ ಮುಗೀತದೆ. ಇಲ್ಲಿ ಕೊಡು, ಮ್ಯಾನೇಜರ್ ಗಂಟಲಲ್ಲಿ ನಾನು ಹೇಳ್ತೀನಿ."

"ಬೇಡ ಕೇಶವಣ್ಣ."

"ಹುಚ್ಚನಂಗೆ ಆಡ್ಬೇಡ!"

"ಒಂದು ವಾರದಿಂದ ನನ್ನ ಹೆಸರಲ್ಲಿ ಕಂಡೋರೆಲ್ಲ ಮಾತಾಡ್ತಿದಾರೆ," ಎಂದ ಮರಿಸ್ವಾಮಿ. "ಇದೊಂದು ಮಾತು ನಾನೇ ಆಡ್ತೀನಿ."

ಕೈ ಬಿಡಿಸಿಕೊಂಡು ಗೇಟಿನ ನಂಬರು ತಿರುಗಿಸಿದ. ಆ ಹಳೆಯ ಫೋನಿನಲ್ಲಿ ಅತ್ತಲಿನ ಮಾತು ಕೋಣೆಗೆಲ್ಲ ಕೇಳಿಸುವಷ್ಟು ಜೋರು. ಗೇಟಿನ ಕಾವಲುಗಾರ ಶ್ಯಾಮಣ್ಣ "ಹಲೋ" ಎಂದ.

"ಶ್ಯಾಮಣ್ಣ, ನಾನು ಸ್ಟೋರ್ಸ್ ಮರಿಸ್ವಾಮಿ. ನಾನು ಒಳಗೆ ಇರಬಾರದು, ಗೊತ್ತು. ಆಮೇಲೆ ನನ್ನ ಹಿಡ್ಕೊಂಡು ಹೋಗಿ ಒಪ್ಪಿಸಿ. ಆದ್ರೆ ಆ ಲಾರಿ ಬಿಡಬೇಡಿ. ಅದ್ರಲ್ಲಿರೋ ಡ್ರಮ್ಮೆಲ್ಲ ಬಿರುಕು ಬಿಟ್ಟಿವೆ. ಗೇಟ್ ಹಾಕಿ!"

ಶ್ಯಾಮಣ್ಣ ನಕ್ಕಂತೆ ಮಾಡಿದ.

"ಏನ್ ಸಾರ್ ಇದು, ನನ್ ಕೂಡೆ ತಮಾಷೆಯಾ? ಆಗ್ಲೇ ನೀವೇ ಪೋನ್ ಮಾಡುದ್ರಲ್ಲ?"

"ನಾನಾ?"

"ನೀವೇ ಸಾರ್! ‘ವಿಚಾರಣೆ ಬೇಗ ಮುಗೀತು ಶ್ಯಾಮಣ್ಣ, ಸಾಹೇಬರು ಮತ್ತೆ ಕೆಲಸಕ್ಕೆ ಕೂರಿಸಿದಾರೆ, ಇನ್ಸ್‌ಪೆಕ್ಷನ್ ರೂಮಿಂದ ಮಾತಾಡ್ತಿದೀನಿ, ಲಾರಿ ಬಂದ್ರೆ ಕಾಯಿಸಬೇಡ, ಬಿಟ್ಬಿಡು' ಅಂದ್ರಿ. ನಿಮ್ಮ ದನಿ ನಂಗೆ ತಿಳ್ಯಾಕಿಲ್ವಾ ಸಾರ್? ಗುಬ್ಬಿ ಕಡೆ ರಾಗ ಈ ಸೀಮೇಲಿ ಇನ್ಯಾರ್ಗೈತೆ? ಈಗ್ತಾನೆ ಗೇಟ್ ತೆಗ್ದೆ, ಲಾರಿ ಕೃಷ್ಣಗಿರಿ ರೋಡಿಗೆ ಹತ್ಬುಡ್ತು ಸಾರ್."

ಮರಿಸ್ವಾಮಿಯ ಕೈಯಿಂದ ಫೋನು ಜಾರಿತು. ದಾರದ ತುದಿಯಲ್ಲಿ ನೇತಾಡುತ್ತ "ಸಾರ್? ಸಾರ್?" ಎನ್ನುತ್ತಿತ್ತು.

ಇನ್ಸ್‌ಪೆಕ್ಷನ್ ಕೋಣೆ. ಗಾಜಿನ ಕೋಣೆ. ಫೋನು. ಎರಡು ಮಾತಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿದ್ದು ಬಂದವನು, ಯಾರೂ ಕರೆಯದೆ ಈ ಕೇಸಿಗೆ ಬಂದವನು.

ಅವನು ನಿಧಾನವಾಗಿ ತಿರುಗಿದ. ಗಂಗರತ್ನಮ್ಮನೂ ತಿರುಗಿದಳು.

ಚನ್ನಕೇಶವ ಬಾಯಿ ತೆರೆದ. ಮ್ಯಾನೇಜರನ ಧ್ವನಿಯೂ ಬರಲಿಲ್ಲ, ಪ್ರೊಫೆಸರನ ಧ್ವನಿಯೂ ಬರಲಿಲ್ಲ, ಅವನದೇ ಎನ್ನುವುದೊಂದು ಇದ್ದರೆ ಅದೂ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಇಟ್ಟ, ಕ್ಯಾಂಟೀನಿನ ಬಾಗಿಲಿನ ಕಡೆಗೆ.

ಮೊದಲು ಒಂದು ಕ್ಷೀಣವಾದ ಸದ್ದು ಕೇಳಿಸಿತು, ಹಿಡಿದಿಟ್ಟ ಕೆಮ್ಮಿನ ಹಾಗೆ. ಕುರ್ಚಿಯಲ್ಲಿ ಕೂತಿದ್ದ ವೆಂಕಟೇಶಪ್ಪ ಚನ್ನಕೇಶವನನ್ನು ನೋಡಿದ, ಮರಿಸ್ವಾಮಿಯನ್ನು ನೋಡಿದ, ತನ್ನನ್ನು ಹಿಡಿಯಲು ಉರುಳಿಸಿದ ಪೆಟ್ಟಿಗೆಗಳ ರಾಶಿಯನ್ನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಧಾರಾಕಾರ ಸುರಿಯುವವರೆಗೂ, ಶೆಡ್ಡಿನ ತಗಡು ಮಾರ್ದನಿಗೊಡುವವರೆಗೂ, ತನ್ನಷ್ಟೇ ಮೋಸಹೋದವರನ್ನು ಕಂಡು ಜೋರಾಗಿ ನಗತೊಡಗಿದ.